"ಆಯತಪ್ಪಿ ಬಿದ್ದು ಕಾರ್ಮಿಕ ಸಾವು" ಅಂತ ಬರೀತಾರ, ಖರೇ ಕಾರಣ ಏನು? ಕಲಬುರಗಿ ಸೈಟ್‌ಗಳಲ್ಲಿ ಕೆಲಸ ಬಲ್ಲವರು ಹೇಳ್ರಿ

ತೊಗರಿಕಣಜ
ಕಲಬುರಗಿ ಸುತ್ತ ಯಾವ ದಿಕ್ಕಿಗೆ ಹೋದರೂ ಕಟ್ಟಡ ಏಳ್ತಾವ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಿಂಗ್ ರೋಡ್, ಆಳಂದ ಚೆಕ್‌ಪೋಸ್ಟ್ ಆಚೆ. ಹೋದ ವರ್ಷ ತೊಗರಿ ಇದ್ದ ಹೊಲದಾಗ ಈ ವರ್ಷ ಕಾಲಂ ನಿಂತಾವ. ಅದರ ಬೆನ್ನಿಗೇ ಪೇಪರಿನ ಒಳಪುಟದಾಗ ನಾಲ್ಕು ಸಾಲಿನ ಸುದ್ದಿ: "ಆಯತಪ್ಪಿ ಬಿದ್ದು ಕಾರ್ಮಿಕ ಸಾವು."

ಆಯತಪ್ಪೋದು ಕಾರಣ ಹ್ಯಾಂಗ ಆಗ್ತದ? ತಲೀ ಮ್ಯಾಲ ಬುಟ್ಟಿ ಹೊತ್ತು ದಿನಾ ನಡೆಯೋ ಮನುಷ್ಯಾಗ ದಿನಕ್ಕ ಹತ್ತು ಸಲ ಕಾಲು ಜಾರ್ತದ. ಜಾರಿದಾಗ ಹಿಡಿಯೋದಕ್ಕ ಅಲ್ಲಿ ಏನೂ ಇರಲಿಲ್ಲ, ಅದು ಕಾರಣ. ಆ ಒಂದು ಶಬ್ದ ತಪ್ಪನ್ನೆಲ್ಲಾ ಸತ್ತವನ ಮ್ಯಾಲ ಹಾಕಿ ಕೈ ತೊಳಕೋತದ.

30×40 ಸೈಟಿನ ಎರಡು-ಮೂರು ಅಂತಸ್ತಿನ ಮನಿಗಳಲ್ಲಿ ಯಾವ ಹಂತಕ್ಕ ಜೀವ ಹೋಗ್ತದ, ತಡಿಯೋದು ಹ್ಯಾಂಗ, ಬಿಡಿಸಿ ಬರೀರಿ. "ಹುಷಾರಾಗಿರಬೇಕು" ಅಂತ ಯಾರೂ ಬರಿಯೋದು ಬ್ಯಾಡ.

ಸೆಂಟ್ರಿಂಗ್ ಪ್ಲೇಟ್
ಸ್ಲ್ಯಾಬಿನ ಅಂಚು, ಲಿಫ್ಟ್ ಡಕ್ಟ್ (ಲಿಫ್ಟಿಗೆ ಅಂತ ಸ್ಲ್ಯಾಬಿನಾಗ ಬಿಟ್ಟ ತೂತು), ಮೆಟ್ಟಿಲ ತೂತು. ಮೊದಲ ಈ ಮೂರು ಬರಕೋರಿ, ಬಾಕಿದ್ದು ಆಮ್ಯಾಲ.

ಕಾಗಿಣಾ
ಮೇಲಿನವರು ಹೇಳಿದ್ದು ಸರಿ. ಹತ್ತು ಅಡಿ ಅಂದರೆ ಜನ ಹಗುರಾಗಿ ತಗೊಳ್ತಾರೆ. 3 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟೋಕೆ ಒಂದು ಸೆಕೆಂಡೂ ಬೇಡ, ಮುಟ್ಟುವಾಗ ವೇಗ ಗಂಟೆಗೆ ಸುಮಾರು 28 ಕಿಲೋಮೀಟರ್. 6 ಮೀಟರ್ ಆದರೆ 39. ಕೆಳಗೆ ಮರಳಿರಲ್ಲ. ಫುಟಿಂಗಿನ ಕಲ್ಲು, ಎದ್ದು ನಿಂತ ರಾಡ್, ಒಡೆದ ಫರಸಿ ಇರುತ್ತೆ.

ಡಕ್ಟ್ ವಿಷಯದಲ್ಲಿ ಹೆಚ್ಚು ಜನ ಸಾಯೋ ರೀತಿ ಒಂದಿದೆ. ತೂತಿನ ಮೇಲೆ ಒಂದು ಪ್ಲೈ ಹಲಗೆ ಹಾಸಿರ್ತಾರೆ, ಮೊಳೆ ಹೊಡೆದಿರಲ್ಲ, ಏನೂ ಬರೆದಿರಲ್ಲ. ಮಾರನೇ ವಾರ ಬೇರೆ ಕೆಲಸದವನು ಬರ್ತಾನೆ, ಹಲಗೆ ಬೇಕು ಅಂತ ಎತ್ತುತ್ತಾನೆ. ಎದೆ ಮಟ್ಟಕ್ಕೆ ಎತ್ತಿ ಹಿಡಿದಾಗ ಹಲಗೆಯೇ ಕಣ್ಣಿಗೆ ಅಡ್ಡ. ಹೊತ್ತು ಒಂದು ಹೆಜ್ಜೆ ಮುಂದಿಡ್ತಾನೆ, ಅದೇ ತೂತಿಗೆ ಹೋಗ್ತಾನೆ. ಮುಚ್ಚಿದ ಹಲಗೆಯೇ ಕೊಂದಂಗಾಯ್ತು.

ಇದಕ್ಕೆ ಪಕ್ಕಾ ಉಪಾಯ: ಸ್ಲ್ಯಾಬ್ ಹಾಕುವಾಗ ಡಕ್ಟಿನ ಮೇಲೂ ರಾಡಿನ ಜಾಲರಿ ಹಾಗೇ ಓಡಿಸಿ, ಕಾಂಕ್ರೀಟ್ ಮಾತ್ರ ಬಿಡಿ. ಆರು ಇಂಚಿಗೊಂದು ರಾಡ್ ಅಡ್ಡ ಇದ್ದರೆ ಮನುಷ್ಯ ಬೀಳಲ್ಲ. ಲಿಫ್ಟಿನವರು ಬಂದ ದಿನ ಕತ್ತರಿಸಿ. ಸ್ಲ್ಯಾಬ್ ಅಂಚಿಗೆ 1 ಮೀಟರ್ ಎತ್ತರಕ್ಕೆ ಒಂದು ಅಡ್ಡಪೈಪು, ಅರ್ಧ ಮೀಟರಿಗೆ ಇನ್ನೊಂದು, ಕೆಳಗೆ 15 ಸೆಂಟಿಮೀಟರಿನ ಹಲಗೆ. ಆ ಕೆಳಗಿನ ಹಲಗೆ ಮನುಷ್ಯನಿಗಲ್ಲ, ಇಟ್ಟಿಗೆ ಉರುಳಿ ಕೆಳಗಿನವನ ತಲೆ ಮೇಲೆ ಬೀಳದಿರಲಿ ಅಂತ.

ಜೋಳದರೊಟ್ಟಿ
ಸೇಫ್ಟಿ ಬೆಲ್ಟ್ ಕೊಡಿಸಿದ್ರ ಮುಗೀತಲ್ರಿ. ಇಷ್ಟೆಲ್ಲಾ ಪೈಪು ಹಲಗಿ ಯಾಕ?

ಕಾಗಿಣಾ
@ಜೋಳದರೊಟ್ಟಿ ಮುಗಿಯಲ್ಲ. ಲೆಕ್ಕ ಹಾಕಿ. ಬೆಲ್ಟಿನ ಹಗ್ಗ 1.8 ಮೀಟರ್. ಬಿದ್ದ ಏಟು ತಡೆಯೋ ಹೊಲಿಗೆ ಬಿಚ್ಚಿಕೊಂಡು ಇನ್ನೂ ಒಂದೂ ಮುಕ್ಕಾಲು ಮೀಟರಿನಷ್ಟು ಉದ್ದ ಆಗುತ್ತೆ. ಅದರ ಕೆಳಗೆ ತೂಗೋ ಮನುಷ್ಯನ ಮೈ ಒಂದೂವರೆ ಮೀಟರ್. ಕಾಲ ಕೆಳಗೆ ಒಂದು ಮೀಟರ್ ಬಿಡುವು ಬೇಕು. ಒಟ್ಟು 6 ಮೀಟರ್. ಮೊದಲ ಅಂತಸ್ತಿನ ಎತ್ತರವೇ 3 ಮೀಟರ್. ಕಾಲ ಮಟ್ಟದಲ್ಲಿ ಕಟ್ಟಿದ ಬೆಲ್ಟ್ ಬಿಗಿಯಾಗೋ ಮೊದಲೇ ಮನುಷ್ಯ ನೆಲದ ಮೇಲಿರ್ತಾನೆ.

ಅದಕ್ಕೇ ಸಣ್ಣ ಮನೆಗೆ ಕಟಕಟೆ ಮೊದಲು. ಬೆಲ್ಟ್ ಹಾಕಲೇಬೇಕಾದ ಕಡೆ ಕೊಕ್ಕೆ ತಲೆಗಿಂತ ಮೇಲಿರಬೇಕು, ಹಗ್ಗ ಗಿಡ್ಡ ಇರಬೇಕು, ಕಾಲಮ್ಮಿಗೆ ಸುತ್ತಿದ ಗಟ್ಟಿ ಹಗ್ಗಕ್ಕೆ ಸಿಕ್ಕಿಸಬೇಕು. ಸಾರವೆಯ ಪೈಪಿಗೆ ಸಿಕ್ಕಿಸಿದರೆ ಮನುಷ್ಯನ ಜೊತೆ ಸಾರವೆಯೂ ಬರುತ್ತೆ. ಸೊಂಟಕ್ಕೆ ಮಾತ್ರ ಕಟ್ಟೋ ಪಟ್ಟಿ ಬೇಡವೇ ಬೇಡ, ಬೆನ್ನು ಮುರಿಯುತ್ತೆ. ತೊಡೆ, ಭುಜ ಎರಡಕ್ಕೂ ಬರೋ ಪೂರ್ತಿ ಬೆಲ್ಟ್ ತಗೊಳ್ಳಿ, ಐಎಸ್ 3521 (ಭಾರತೀಯ ಗುಣಮಟ್ಟದ ಸಂಖ್ಯೆ) ಅಂತ ಗುರುತಿರುತ್ತೆ. ತೂಗಾಡ್ತಿರೋನನ್ನ ಹತ್ತು ನಿಮಿಷದೊಳಗೆ ಇಳಿಸಬೇಕು, ತೊಡೆಯಲ್ಲಿ ರಕ್ತ ನಿಂತು ಅಲ್ಲೇ ಪ್ರಾಣ ಹೋಗಬಹುದು. ಏಣಿ ಎಲ್ಲಿದೆ ಅಂತ ಮೊದಲೇ ಗೊತ್ತಿರಲಿ.

ಭೀಮಾತೀರ
ಹೆಲ್ಮೆಟ್ ಬಗ್ಗೆ ಯಾರೂ ಮಾತಾಡಲಿಲ್ಲ.

ಸೆಂಟ್ರಿಂಗ್ ಪ್ಲೇಟ್
ಹೆಲ್ಮೆಟ್ ಮ್ಯಾಲಿಂದ ಬೀಳೋ ಇಟ್ಟಂಗಿಗೆ. ಮನಷ್ಯಾನೇ ಮ್ಯಾಲಿಂದ ಬಿದ್ರ ಅದರ ಕೈಲಿ ಭಾಳ ಆಗೂದಿಲ್ಲ. ಆದ್ರ ಹಾಕ್ಕೋಬೇಕು, ಗದ್ದದ ಪಟ್ಟಿ ಬಿಗೀಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಬಗ್ಗಿದ ಕೂಡಲೇ ಕೆಳಗ ಬೀಳ್ತದ. ಹೆಣ್ಣಾಳಿಗೆ ಬುಟ್ಟಿ ಹೊರಬೇಕಂತ ಹೆಲ್ಮೆಟ್ಟೇ ಕೊಡೂದಿಲ್ಲ, ಲಿಫ್ಟ್ ಮಷಿನ್ (ಸಾಮಾನು ಮ್ಯಾಲ ಏರಿಸೋ ಮಷಿನ್) ಕೆಳಗ ದಿನಪೂರ್ತಿ ನಿಲ್ಲೋರು ಅವರೇ. ಮಷಿನ್ ಕೆಳಗ ಬುಟ್ಟಿ ತುಂಬೋ ಜಾಗಕ್ಕ ತಲೀ ಮ್ಯಾಲ ಹಲಗಿ ಛಾವಣಿ ಹಾಕ್ರಿ.

ಮತ್ತ ಆ ಮಷಿನ್ನಿನ ಹಿಂದ ಭಾರಕ್ಕ ಅಂತ ಮರಳಿನ ಚೀಲ ಇಟ್ಟಿರ್ತಾರ. ಮಧ್ಯಾಹ್ನ ಪ್ಲಾಸ್ಟರ್‌ಗೆ ಮರಳು ಕಮ್ಮಿ ಬಿತ್ತಂದ್ರ ಅದರಾಗಿಂದೇ ಎರಡು ಚೀಲ ಬಿಚ್ಚತಾರ. ಮುಂದಿನ ಬುಟ್ಟಿಗೆ ಮಷಿನ್ನೇ ಮುಂದಕ್ಕ ಮಗಚ್ತದ. ಭಾರಕ್ಕ ಕಾಂಕ್ರೀಟ್ ಗಟ್ಟಿ ಎರಕ ಹೊಯ್ದು ಇಡ್ರಿ, ಅದನ್ನ ಯಾರೂ ಬಿಚ್ಚಕ್ಕಾಗಲ್ಲ.

ಬೆಣ್ಣೆತೊರಾ
ಕರೆಂಟಿಗೆ ಬರೋಣ. ನಮ್ಮ ಲೇಔಟ್‌ಗಳಲ್ಲಿ ರಸ್ತೆ 30 ಅಡಿ. ಕಬ್ಬಿಣದ ರಾಡ್ ಪೂರ್ತಿ ಉದ್ದಕ್ಕೆ 12 ಮೀಟರ್, ಅಂದರೆ 39 ಅಡಿಗಿಂತ ಜಾಸ್ತಿ. ರಸ್ತೆಗಿಂತ ರಾಡೇ ಉದ್ದ. ಮನೆ ಮುಂದೆ ಜೆಸ್ಕಾಂ 11 ಕೆವಿ ಲೈನ್ ಹೋಗಿರುತ್ತೆ. ಮೇಲೆ ಇಬ್ಬರು ಹಗ್ಗ ಜಗ್ಗುತ್ತಾರೆ, ಕೆಳಗೆ ಒಬ್ಬ ರಾಡಿನ ಬಾಲ ಹಿಡಿದಿರ್ತಾನೆ. ತುದಿ ಪ್ಯಾರಾಪೆಟ್ ದಾಟಿ ಒಳಗೆ ಬಂದಾಗ ಬಾಲ ಹೊರಗೆ ತಿರುಗುತ್ತೆ. ತಂತಿ ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಹಾರುತ್ತೆ. ಒಂದೇ ರಾಡ್ ಹಿಡಿದ ಮೂವರೂ ಒಟ್ಟಿಗೆ ಹೋಗ್ತಾರೆ.

ಮಾಡಬೇಕಾದ್ದು: ರಾಡ್ ನೆಲದ ಮೇಲೇ ಅಳತೆಗೆ ಕತ್ತರಿಸಿ, ಬಾಗಿಸಿ, ಮೆಟ್ಟಿಲ ಒಳಗಿಂದಲೋ ಹಿಂದಿನ ಬದಿಯಿಂದಲೋ ಸಾಗಿಸಿ. ಲೈನ್ ಬದಿಯಲ್ಲಿ ಏನೂ ಎತ್ತಬೇಡಿ, ಅಲ್ಯೂಮಿನಿಯಂ ಏಣಿಯನ್ನೂ. ಕಟ್ಟಡಕ್ಕೂ 11 ಕೆವಿ ತಂತಿಗೂ ಅಡ್ಡಕ್ಕೆ ಕನಿಷ್ಠ 1.2 ಮೀಟರ್, ತಲೆಯ ಮೇಲೆ ಹೋಗಿದ್ದರೆ 3.7 ಮೀಟರ್ ಅಂತರ ಇರಲೇಬೇಕು. ಇದು ಕಟ್ಟಿ ಮುಗಿದ ಮನೆಯ ಲೆಕ್ಕ, ಸಾರವೆ ಕಟ್ಟಿದರೆ ಇನ್ನೂ ಒಂದು ಮೀಟರ್ ಹೊರಗೆ ಬರ್ತೀರಿ. ಮೊದಲ ಅಂತಸ್ತಿಗೆ ಬಾಲ್ಕನಿ ಹೊರಗೆ ಚಾಚಿದಾಗಲೇ ಈ ಅಂತರ ತಿಂದುಹೋಗಿರುತ್ತೆ. ಆ ಬದಿ ಕೆಲಸ ಇರೋ ದಿನ ಸೆಕ್ಷನ್ ಆಫೀಸಿಗೆ ಬರೆದುಕೊಟ್ಟು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿ ಕೊಡೋ ಅನುಮತಿ) ತಗೊಳ್ಳಿ. ಕರೆಂಟ್ ಹೋಗಿದೆ ಅನ್ನೋದು ಎಲ್‌ಸಿ ಅಲ್ಲ.

ಇನ್ನೊಂದು: ಶಾರ್ಟ್ ಆಗಿ ಲೈನ್ ಟ್ರಿಪ್ ಆದರೂ ಸ್ಟೇಷನ್ನಿನಿಂದ ತಿರುಗಿ ಚಾರ್ಜ್ ಮಾಡ್ತಾರೆ. ಬಿದ್ದವನನ್ನ ಮುಟ್ಟೋಕೆ ಓಡಿಹೋದವನು ಎರಡನೇ ಸಲಕ್ಕೆ ಸಿಗ್ತಾನೆ. ಮೊದಲು ಫೋನ್ ಮಾಡಿ ಲೈನ್ ಬಂದ್ ಮಾಡಿಸಿ.

ಶಹಾಬಾದ್ ಫರಸಿ
ಹೈಟೆನ್ಶನ್ ಬಿಡ್ರಿ, ಮನೀ ಒಳಗಿನ 230 ವೋಲ್ಟೇ ಸಾಕು ಜೀವ ತಗೊಳ್ಳಾಕ. ವೈಬ್ರೇಟರ್, ಫರಸಿ ಕಟರ್, ಕ್ಯೂರಿಂಗ್ ಮೋಟಾರ್. ಮೂರೂ ನೀರಿನಾಗ ನಡಿತಾವ, ವೈರ್ ನೆಲದ ಮ್ಯಾಲ, ಜಾಯಿಂಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿರ್ತಾರ. ಪ್ಲಗ್ಗೂ ಇರಲ್ಲ, ಎರಡು ವೈರ್ ತುದಿ ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಗಿಸಿರ್ತಾರ. ಮೂರನೇ ವೈರ್, ಅಂದ್ರ ಅರ್ಥ್, ಕತ್ತರಿಸಿ ಒಗೆದಿರ್ತಾರ.

ಜೋಳದರೊಟ್ಟಿ
ಟೆಂಪರರಿ ಮೀಟರ್ ಬಾಕ್ಸಿನಾಗ ಎಂಸಿಬಿ (ಲೋಡ್ ಜಾಸ್ತಿ ಆದ್ರ ತಾನೇ ಬೀಳೋ ಸ್ವಿಚ್) ಇರ್ತದಲ್ರಿ, ಬೀಳಂಗಿಲ್ಲೇನು?

ಬೆಣ್ಣೆತೊರಾ
ಬೀಳಲ್ಲ. ಎಂಸಿಬಿ ವೈರ್ ಸುಡದಂಗೆ ಕಾಯುತ್ತೆ, ಮನುಷ್ಯನನ್ನಲ್ಲ. 16 ಆಂಪಿಯರ್ ದಾಟಿದರೆ ಅದು ಬೀಳೋದು. ಎದೆಯ ಮೂಲಕ 50ರಿಂದ 100 ಮಿಲಿ ಆಂಪಿಯರ್ ಹರಿದರೆ ಗುಂಡಿಗೆ ಲಯ ತಪ್ಪುತ್ತೆ. 16 ಆಂಪಿಯರ್ ಅಂದರೆ 16,000 ಮಿಲಿ ಆಂಪಿಯರ್. ಮನುಷ್ಯ ಸತ್ತಿದ್ದು ಎಂಸಿಬಿಗೆ ಗೊತ್ತೇ ಆಗಲ್ಲ.

ಬೇಕಾದ್ದು 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ಬೀಳೋ ಸ್ವಿಚ್. ಅಂಗಡಿಯಲ್ಲಿ 100, 300 ಮಿಲಿ ಆಂಪಿಯರಿಂದೂ ಸಿಗುತ್ತೆ, ಅದು ಬೆಂಕಿ ತಡೆಯೋಕೆ, ಮೋಸ ಹೋಗಬೇಡಿ. ಅದರ ಮೇಲೊಂದು ಪರೀಕ್ಷೆ ಬಟನ್ ಇರುತ್ತೆ, ಸೈಟಿನಲ್ಲಿ ದಿನಾ ಬೆಳಿಗ್ಗೆ ಒತ್ತಿ, ಬಿತ್ತು ಅಂದರೆ ಕೆಲಸ ಶುರು. ಮತ್ತೆ ಮತ್ತೆ ಬೀಳ್ತಿದೆ ಅಂತ ಮೇಸ್ತ್ರಿ ಬೈಪಾಸ್ ಮಾಡಿಸ್ತಾನೆ. ಬೀಳ್ತಿದೆ ಅಂದರೆ ಯಾವುದೋ ಮಷಿನ್ ಸೋರ್ತಿದೆ ಅಂತ. ಒಂದೊಂದಾಗಿ ಕಳಚಿ ನೋಡಿ, ಆ ಮಷಿನ್ ಹೊರಗಿಡಿ.

ಶಾಕ್ ಹೊಡೆದವನಿಗೆ ಉಸಿರಿಲ್ಲದಿದ್ದರೆ ಮೇನ್ ಆಫ್ ಮಾಡಿ, ಎದೆಯ ನಡುವೆ ಎರಡೂ ಕೈಯಿಟ್ಟು ನಿಮಿಷಕ್ಕೆ 100ರಿಂದ 120 ಸಲ, ಎರಡು ಇಂಚು ಆಳಕ್ಕೆ ಒತ್ತುತ್ತಾ ಇರಿ, 108 ಬರೋವರೆಗೂ. ಮಣ್ಣಲ್ಲಿ ಹೂಳೋದು, ಪಾದ ಉಜ್ಜೋದು, ಇದರಲ್ಲಿ ಹೋಗೋ ಐದು ನಿಮಿಷವೇ ಜೀವ.

ಎರೆಹೊಲ
ನಮ್ಮ ಎರೆ ಮಣ್ಣಿನ ವಿಷಯ ಬರೀರಿ ಯಾರಾದ್ರೂ. ನಮ್ಮ ಮಣ್ಣು ಗಟ್ಟಿ, ಕಡಿದ್ರ ಗ್ವಾಡಿ ಹಂಗ ನಿಂತಿರ್ತದ, ಕುಸಿಯೂದಿಲ್ಲ ಅಂತಾರ.

ಕಾಗಿಣಾ
ಗ್ವಾಡಿ ಹಂಗೆ ನಿಲ್ಲೋದೇ ಮೋಸ. ಮರಳು ಮಣ್ಣಾದರೆ ಅಗೆಯುವಾಗಲೇ ಉದುರಿ ಎಚ್ಚರಿಸುತ್ತೆ. ಎರೆ ಮಣ್ಣು ಒಣಗಿದಾಗ ಕಲ್ಲಿನಂತೆ. ಆದರೆ ಬೇಸಿಗೆಯಲ್ಲಿ ಅದರೊಳಗೆ ಮೇಲಿಂದ ಕೆಳಕ್ಕೆ ಬಿರುಕು ಬಿಟ್ಟಿರುತ್ತೆ, ಕೈ ಹೋಗುವಷ್ಟು. ಚರಂಡಿ ಅಗೆದ ಮೇಲೆ ಆ ಬಿರುಕು ಅಂಚಿನಿಂದ ಎರಡು ಅಡಿ ಹಿಂದೆ, ಅಂಚಿಗೆ ಸಮಾನವಾಗಿ ಓಡಿರುತ್ತೆ. ಒಂದು ಮಳೆ ಬಿದ್ದರೆ, ಪಕ್ಕದ ಪೈಪು ಸೋರಿದರೆ, ನೀರು ಬಿರುಕಿಗಿಳಿದು ಇಡೀ ಹೋಳೇ ಕಳಚುತ್ತೆ. ಸದ್ದೂ ಇರಲ್ಲ.

ಒಂದು ಘನ ಮೀಟರ್ ಮಣ್ಣು ಅಂದರೆ ಒಂದೂವರೆ ಟನ್ ಮೇಲೆ. ಎದೆ ಮಟ್ಟಕ್ಕೆ ಹೂತರೂ ಸಾಕು, ತಲೆ ಹೊರಗಿದ್ದರೂ ಉಸಿರು ಬಿಟ್ಟಮೇಲೆ ಎದೆ ತಿರುಗಿ ಅರಳಲ್ಲ. ಹಿಂದೆಯೇ ಜೆಸಿಬಿ ಹಾಕಿ ತೆಗೆಯೋಕೆ ಹೋಗ್ತಾರೆ, ಬಕೆಟ್ಟಿನ ಹಲ್ಲು ಮನುಷ್ಯನಿಗೇ ತಗಲುತ್ತೆ. ಕೈಯಿಂದ, ಸಲಿಕೆಯಿಂದ, ಮೊದಲು ಎದೆ ಬಿಡಿಸಬೇಕು.

ನಿಯಮ ಸರಳ. ಒಂದೂವರೆ ಮೀಟರಿಗಿಂತ ಆಳ ಹೋದರೆ ಎರಡೂ ಬದಿ ಹಲಗೆ ಕೊಟ್ಟು ನಡುವೆ ಅಡ್ಡಗಟ್ಟಿಗೆ ಕೊಡಿ, ಇಲ್ಲಾ ಬದಿಯನ್ನ ಇಳಿಜಾರು ಕಡಿಯಿರಿ. ಅಗೆದ ಮಣ್ಣು ಅಂಚಿನಿಂದ ಒಂದೂವರೆ ಮೀಟರ್ ದೂರ, ಆಳ ಜಾಸ್ತಿ ಇದ್ದರೆ ಆಳದ ಅರ್ಧದಷ್ಟು ದೂರ. 15 ಮೀಟರಿಗೊಂದು ಏಣಿ, ಅಂಚಿನ ಮೇಲೆ ಒಂದು ಮೀಟರ್ ಎದ್ದಿರಲಿ. ಯುಜಿಡಿ (ಒಳಚರಂಡಿ) ಪೈಪಿನ ಕೆಲಸದಲ್ಲಿ ರಸ್ತೆ ಸಣ್ಣದು ಅಂತ ಮಣ್ಣೆಲ್ಲಾ ಅಂಚಿಗೇ ಗುಡ್ಡೆ ಹಾಕ್ತಾರಲ್ಲ, ಅದು ಕೆಳಗಿರೋನ ಮೇಲೆ ಭಾರ ಹೇರಿದಂಗೆ.

ಎರೆಹೊಲ
ಹಳೇ ಊರೊಳಗ ಇನ್ನೊಂದದ ನೋಡ್ರಿ. ಪಕ್ಕದ ಮನಿ ಕೆಸರು-ಕಲ್ಲಿನ ಗ್ವಾಡಿ, ಅದಕ್ಕ ತಳಪಾಯ ಎರಡೇ ಅಡಿ. ನೀವು ಪಕ್ಕದಾಗ ಐದು ಅಡಿ ಅಗೀತೀರಿ. ಗ್ವಾಡಿ ಪೂರ್ತಿ ನಿಮ್ಮ ಕಡೆ ಬರ್ತದ. ಒಮ್ಮೆಲೇ ಪೂರ್ತಿ ಅಗೀಬಾರದು. ನಾಕು ಅಡಿ ಅಗದು, ಕಟ್ಟಿ, ಬಿಟ್ಟು ಬಿಟ್ಟು ಮುಂದಕ್ಕ ಹೋಗಬೇಕು. ಗ್ವಾಡಿಗೆ ಓರೆ ಬಲ್ಲಿ, ಅಂದ್ರ ಆಸರೆ ಕಂಬ, ಕೊಡಬೇಕು.

ಭೀಮಾತೀರ
ಬಲ್ಲಿ ಅಂದ ಕೂಡಲೇ ನೆನಪಾಯ್ತು, ಛಜ್ಜಾ (ಕಿಟಕಿ ಮೇಲೆ ಹೊರಗೆ ಚಾಚಿದ ಸಣ್ಣ ಸ್ಲ್ಯಾಬ್) ಬೀಳೋದು ಯಾಕೆ? ಸೆಂಟ್ರಿಂಗ್, ಅಂದರೆ ಕಾಂಕ್ರೀಟ್ ಗಟ್ಟಿಯಾಗೋವರೆಗೆ ಹೊರೋ ಹಲಗೆ-ಬಲ್ಲಿ, ಬಿಚ್ಚಿದ ದಿನವೇ ಬೀಳುತ್ತಲ್ಲ.

ಸೆಂಟ್ರಿಂಗ್ ಪ್ಲೇಟ್
ಛಜ್ಜಾ ಹೊರಗ ಚಾಚಿದ್ದು, ಅದರ ಜಗ್ಗಾಟ ಮ್ಯಾಲಿನ ಮೈಯಾಗ. ಹಂಗಾಗಿ ರಾಡ್ ಮ್ಯಾಲ ಇರಬೇಕು. ಬಾರ್ ಬೆಂಡರ್ ಸರಿಯಾಗೇ ಕಟ್ಟಿರ್ತಾನ. ಕಾಂಕ್ರೀಟ್ ದಿನ ಬುಟ್ಟಿಯವರು ಅದರ ಮ್ಯಾಲೇ ತುಳಕೋತ ಓಡಾಡ್ತಾರ, 8 ಎಂಎಂ ರಾಡ್ ಬಗ್ಗಿ ತಳಕ್ಕ ಹತ್ತತದ. ಮ್ಯಾಲಿಂದ ನೋಡಿದ್ರ ಏನೂ ಕಾಣಲ್ಲ. ಬಿಚ್ಚಿದ ದಿನ ಬುಡದಾಗೇ ಮುರಿದು ಕೆಳಗ ನಿಂತವನ ಮ್ಯಾಲ ಬರ್ತದ.

ರಾಡಿನ ಕೆಳಗ ಕುರ್ಚಿ (ರಾಡ್ ಮ್ಯಾಲ ಎತ್ತಿ ಹಿಡಿಯೋ ಬಗ್ಗಿಸಿದ ರಾಡಿನ ತುಂಡು) ಕಟ್ರಿ, ಅದೂ ಎರಡು ಅಡಿಗೊಂದು. ಓಡಾಡಾಕ ಬ್ಯಾರೆ ಹಲಗಿ ಹಾಸ್ರಿ. ಛಜ್ಜಾದ ಬುಡದ ಮ್ಯಾಲ ಗ್ವಾಡಿ ಏಳೋತನಕ ಬಲ್ಲಿ ಬಿಚ್ಚಬ್ಯಾಡ್ರಿ, ಹಿಂದಿನ ಭಾರ ಇಲ್ಲಂದ್ರ ಅದು ಮಗಚ್ಕೋತದ. ಬಿಚ್ಚೋದು ತುದಿಯಿಂದ ಬುಡದ ಕಡೆ. ಬುಡದ ಬಲ್ಲಿ ಮೊದಲ ತೆಗೆದ್ರ ತುದಿ ಬಲ್ಲಿ ಮ್ಯಾಲ ಕೂತು ನಡುವ ಮುರೀತದ.

ಕಾಗಿಣಾ
ಸ್ಲ್ಯಾಬಿಗೂ ದಿನದ ಲೆಕ್ಕ ಹೇಳಿಬಿಡ್ತೀನಿ. ಐಎಸ್ 456 ಪ್ರಕಾರ ಸ್ಲ್ಯಾಬ್ 4.5 ಮೀಟರ್ ವರೆಗಿನ ಅಗಲಕ್ಕೆ ಬಲ್ಲಿ 7 ದಿನ, ಅದಕ್ಕಿಂತ ಜಾಸ್ತಿ ಇದ್ದರೆ 14 ದಿನ. ಬೀಮ್ 6 ಮೀಟರ್ ವರೆಗೆ 14, ಮೇಲಾದರೆ 21. ಇದು ಓಪಿಸಿ (ಸಾದಾ) ಸಿಮೆಂಟಿಗೆ. ಇಲ್ಲಿ ಹೆಚ್ಚು ಮಾರೋದು ಪಿಪಿಸಿ (ಹಾರುಬೂದಿ ಬೆರೆಸಿದ್ದು), ಅದು ನಿಧಾನ ಗಟ್ಟಿಯಾಗುತ್ತೆ, ಇನ್ನೂ ಬಿಡಬೇಕು. ಪ್ಲೇಟ್ ಬಾಡಿಗೆ ದಿನದ ಲೆಕ್ಕದಲ್ಲಿ ಓಡ್ತಿರೋದರಿಂದ ಎಲ್ಲರಿಗೂ ಅವಸರ.

ಕಾಂಕ್ರೀಟ್ ಹಾಕುವಾಗಲೇ ಕುಸಿಯೋದು ಬೇರೆ ಕಥೆ. 5 ಇಂಚಿನ ಸ್ಲ್ಯಾಬ್ ಅಂದರೆ ಚದರಡಿಗೆ 29 ಕೆಜಿ. ಸಾವಿರ ಚದರಡಿಗೆ 29 ಟನ್, ಅದರ ಮೇಲೆ ಜನ, ಮಷಿನ್. ಇಷ್ಟೂ ಭಾರ ಬಲ್ಲಿಗಳ ಬುಡಕ್ಕೆ ಬರುತ್ತೆ. ಬುಡದಲ್ಲಿ ತುಂಬಿಸಿದ ಸಡಿಲ ಎರೆ ಮಣ್ಣಿದ್ದು, ಅದರ ಮೇಲೆ ಅರ್ಧ ಇಟ್ಟಿಗೆ ಇಟ್ಟು ಬಲ್ಲಿ ನಿಲ್ಲಿಸಿದ್ದರೆ, ಹಿಂದಿನ ರಾತ್ರಿ ಮಳೆ ಬಂದಿದ್ದರೆ, ಒಂದು ಬಲ್ಲಿ ಎರಡು ಇಂಚು ಇಳಿದರೆ ಸಾಕು, ಪಕ್ಕದ್ದು ಎರಡರಷ್ಟು ಹೊರಬೇಕಾಗುತ್ತೆ, ಸಾಲಾಗಿ ಹೋಗ್ತವೆ. ಉದ್ದ ಹಲಗೆ ಹಾಸಿ ಅದರ ಮೇಲೆ ನಿಲ್ಲಿಸಿ. ನಡು ಎತ್ತರದಲ್ಲಿ ಅಡ್ಡ, ಓರೆ ಎರಡೂ ಕಟ್ಟಿ. ಗಿಡ್ಡ ಬಲ್ಲಿಗೆ ತುಂಡು ಜೋಡಿಸಿ ಉದ್ದ ಮಾಡಿದ್ದು ಕಂಡರೆ ಕೆಲಸ ನಿಲ್ಲಿಸಿ. ಕಾಂಕ್ರೀಟ್ ನಡೆಯುವಾಗ ಕೆಳಗೆ ಯಾರೂ ಇರಬಾರದು, ಚಹಾಕ್ಕೆ ನೆರಳು ಅಂತ ಕೂರೋದೂ ಅಲ್ಲೇ.

ಊರುಕೇರಿ
ಸಂಪ್ ಬಿಟ್ಟಿರಿ. ಹೊಸ ನೀರಿನ ಸಂಪ್, ಅದರೊಳಗೆ ಯಾವ ವಿಷ ಅಂತ ಜನ ಕೇಳ್ತಾರೆ. ಮುಚ್ಚಳ ಹಾಕಿ ಹದಿನೈದು ಇಪ್ಪತ್ತು ದಿನ ಬಿಟ್ಟಿರ್ತಾರೆ, ಒಳಗೆ ಒದ್ದೆ ಹಲಗೆ ಕೊಳೆತು ಆಮ್ಲಜನಕ ತಿಂದುಬಿಟ್ಟಿರುತ್ತೆ. ಹೊರಗಿನ ಗಾಳಿಯಲ್ಲಿ ಸುಮಾರು 21 ಶೇಕಡಾ, 19.5ಕ್ಕಿಂತ ಕಮ್ಮಿ ಇದ್ದರೆ ಇಳಿಯಬಾರದು. ಸಂಪಿನೊಳಗೆ ಹತ್ತಕ್ಕಿಳಿದಿದ್ದರೆ ಮನುಷ್ಯನಿಗೆ ವಾಸನೆಯೂ ಬರಲ್ಲ, ಉಸಿರು ಕಟ್ಟಿದಂಗೂ ಅನಿಸಲ್ಲ, ಕಾಲು ಕುಸಿಯುತ್ತೆ ಅಷ್ಟೇ. ಸೆಂಟ್ರಿಂಗ್ ಬಿಚ್ಚೋಕೆ ಇಳಿದವನು ಮಾತಾಡಲ್ಲ ಅಂತ ಎರಡನೆಯವನು ಇಳೀತಾನೆ, ಅವನಿಗಾಗಿ ಮೂರನೆಯವನು.

ಮೇಣದಬತ್ತಿ ಇಳಿಸಿ ನೋಡೋದನ್ನ ನಂಬಬೇಡಿ. ದೀಪ ಆರೋದು 16ರ ಆಸುಪಾಸು, ಅಷ್ಟರಲ್ಲೇ ಅಪಾಯ ಶುರುವಾಗಿರುತ್ತೆ. ಹಳೇ ಶೌಚ ಗುಂಡಿ ಆದರೆ ಬತ್ತಿಯಿಂದ ಸಿಡಿಯಲೂಬಹುದು. ಎರಡು ಮುಚ್ಚಳ ಇರೋ ಹಂಗೇ ಸಂಪ್ ಕಟ್ಟಿಸಿ. ಹಿಂದಿನ ದಿನವೇ ಎರಡೂ ತೆಗೆದಿಡಿ, ಬ್ಲೋವರ್ ಪೈಪು ತಳದವರೆಗೆ ಬಿಟ್ಟು ಗಾಳಿ ಊದಿ, ಮೀಟರಿನಿಂದ ತಳ, ನಡು, ಮೇಲೆ ಅಳೆಯಿರಿ. ಇಳಿಯೋನಿಗೆ ಪೂರ್ತಿ ಬೆಲ್ಟ್, ಹಗ್ಗದ ತುದಿ ಮೇಲೆ ಇಬ್ಬರ ಕೈಲಿ. ಎರಡಡಿ ಬಾಯಿಯಿಂದ ಸೊಂಟದ ಹಗ್ಗ ಹಿಡಿದು ಎಳೆದರೆ ಮೈ ಅಡ್ಡಡ್ಡ ಸಿಕ್ಕಿಕೊಳ್ಳುತ್ತೆ, ಭುಜದ ಹಿಂದಿನ ಕೊಂಡಿ ಹಿಡಿದೇ ಎಳೀಬೇಕು. ಒಳಗೆ ಪೆಟ್ರೋಲ್ ಪಂಪು ಇಟ್ಟು ನೀರು ತೆಗೆಯೋದಂತೂ ಕೊಲೆ.

ಜೋಳದರೊಟ್ಟಿ
ಬಿಸಿಲಿಗೂ ಸಾಯ್ತಾರ್ರಿ. ಏಪ್ರಿಲ್ ಮೇ ತಿಂಗಳಾಗ ನಮ್ಮ ವಿಭಾಗದ ಸರ್ಕಾರಿ ಆಫೀಸು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ಅಂತ ಮಾಡ್ತಾರ, ಫ್ಯಾನಿನ ಕೆಳಗ ಕೂತವರಿಗೆ. 43 ಡಿಗ್ರಿಯಾಗ ಸ್ಲ್ಯಾಬ್ ಮ್ಯಾಲ ನಿಂತವನನ್ನ ಕೇಳೋರಿಲ್ಲ.

ಊರುಕೇರಿ
ಇದು ನೂರಕ್ಕೆ ನೂರು ಮಾತು. ಬಿದ್ದು ಸತ್ತ ಅಂತ ಬರೆದಿರೋದರಲ್ಲೂ ಮಧ್ಯಾಹ್ನ ಎರಡು ಮೂರು ಗಂಟೆಗೆ ತಲೆ ಸುತ್ತಿ ಬಿದ್ದವರು ಇರ್ತಾರೆ. ಆರಕ್ಕೆ ಶುರು ಮಾಡಿ ಹನ್ನೊಂದೂವರೆಗೆ ನಿಲ್ಲಿಸಿ, ಸಂಜೆ ನಾಲ್ಕಕ್ಕೆ ತಿರುಗಿ. ಬರೀ ನೀರಲ್ಲ, ಉಪ್ಪು ಹಾಕಿದ ಮಜ್ಜಿಗೆ ಇಲ್ಲಾ ಓಆರ್‌ಎಸ್. ಬೆವರು ನಿಂತು ಮಾತು ತೊದಲಿದರೆ ಅದು ಸುಸ್ತಲ್ಲ, ಮೈಗೆಲ್ಲಾ ನೀರು ಸುರಿದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಹೊರಡಿ.

ತೊಗರಿಕಣಜ
ಜೀವ ಹೋದ ಮ್ಯಾಲ ಏನಾಗ್ತದ ಅದೂ ಬರೀರಿ. ಠಾಣಾ ಮುಂದ ಐವತ್ತು ಸಾವಿರ, ಒಂದು ಲಕ್ಷಕ್ಕ ಕಾಂಪ್ರಮೈಸ್ ಮಾಡಿ ಹೆಬ್ಬೆಟ್ಟು ಒತ್ತಿಸ್ಕೋತಾರ.

ಕಾಯ್ದೆಪುಸ್ತಕ
ಆ ಹೆಬ್ಬೆಟ್ಟಿಗೆ ಬೆಲೆ ಇಲ್ಲ. 1923ರ ನೌಕರರ ಪರಿಹಾರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಸಾವಿನ ಪರಿಹಾರವನ್ನ ಮಾಲೀಕ (ಕೆಲಸಕ್ಕಿಟ್ಟವನು) ಕಾರ್ಮಿಕ ಪರಿಹಾರದ ಕಮಿಷನರ್ ಮುಂದೆ ಠೇವಣಿ ಇಡಬೇಕು. ನೇರ ಕೈಗೆ ಕೊಟ್ಟದ್ದು, ಮೂರು ತಿಂಗಳ ಕೂಲಿಯವರೆಗಿನ ಮುಂಗಡ ಬಿಟ್ಟರೆ, ಪರಿಹಾರ ಅಂತ ಲೆಕ್ಕಕ್ಕೇ ಬರಲ್ಲ. ಸಹಿ ಮಾಡಿದ ಮೇಲೂ ಅರ್ಜಿ ಹಾಕಬಹುದು, ಎರಡು ವರ್ಷದೊಳಗೆ.

ಲೆಕ್ಕ ಹೀಗೆ: ತಿಂಗಳ ಕೂಲಿಯ ಅರ್ಧ, ಗುಣಿಸು ಆ ವಯಸ್ಸಿಗೆ ಕಾಯ್ದೆ ಕೊಟ್ಟ ಅಂಕಿ. 2020ರಿಂದ ಕೂಲಿಯ ಮಿತಿ 15,000. 30 ವರ್ಷದವನಿಗೆ ಅಂಕಿ 207.98. ಅಂದರೆ 7,500 ಗುಣಿಸು 207.98, ಹದಿನೈದು ಲಕ್ಷ ಐವತ್ತೊಂಬತ್ತು ಸಾವಿರದ ಎಂಟುನೂರ ಐವತ್ತು. ಒಂದು ತಿಂಗಳಲ್ಲಿ ಕೊಡದಿದ್ದರೆ 12 ಶೇಕಡಾ ಬಡ್ಡಿ, ದಂಡ ಬೇರೆ. ಲಕ್ಷಕ್ಕೆ ಮುಗಿಸಿದವರು ಎಷ್ಟು ಕಳಕೊಂಡರು ನೋಡಿ. 2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಅದರ ನಂತರದ ಸಾವಿಗೆ ಸಾಮಾಜಿಕ ಭದ್ರತಾ ಸಂಹಿತೆ. ಲೆಕ್ಕದ ಪದ್ಧತಿ ಇದೇ.

ಗುಳೆ ಹೋದವರಿಗೆ ಮುಖ್ಯ ಮಾತು: ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಸತ್ತರೂ ಅರ್ಜಿ ಅಲ್ಲೇ ಹಾಕಬೇಕಂತಿಲ್ಲ. ಹೆಂಡತಿ, ತಂದೆ ತಾಯಿ ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು. ಚಿಂಚೋಳಿಯವರು ತಾರೀಖಿಗೊಮ್ಮೆ ಪುಣೆಗೆ ಅಲೆಯೋ ಕೆಲಸ ಇಲ್ಲ.

ಭೀಮಾತೀರ
ಹಾಗಾದರೆ ಮನೆ ಕಟ್ಟಿಸೋರೇ ಕೊಡಬೇಕಲ್ಲ, ಮೂಲ ಮಾಲೀಕರು ಅವರೇ.

ಕಾಯ್ದೆಪುಸ್ತಕ
@ಭೀಮಾತೀರ ಎಲ್ಲಾ ಕಡೆ ಅಲ್ಲ. ಗುತ್ತೇದಾರನ ಆಳಿಗೆ ಮೇಲಿನವನು ಹೊಣೆ ಅನ್ನೋ 12ನೇ ಸೆಕ್ಷನ್ ಅವನ ವ್ಯಾಪಾರದ ಕೆಲಸಕ್ಕೆ ಮಾತ್ರ. ಮಾರೋಕೆ ಅಪಾರ್ಟ್‌ಮೆಂಟ್ ಕಟ್ಟೋ ಬಿಲ್ಡರ್ ಸಿಗ್ತಾನೆ. ತಾನಿರೋಕೆ ಮನೆ ಕಟ್ಟಿಸೋರು ಗುತ್ತೇದಾರನಿಗೆ ಪೂರ್ತಿ ವಹಿಸಿದ್ದರೆ ಹೊಣೆ ಗುತ್ತೇದಾರನದು. ಅದೇ ಮನೆಯವರು ಗೌಂಡಿ, ಆಳು ಅಂತ ದಿನಗೂಲಿ ತಾವೇ ಕೊಟ್ಟು ಕಟ್ಟಿಸ್ತಿದ್ದರೆ ಅವರೇ ಮಾಲೀಕರು. ಅದಕ್ಕೆ ಗುತ್ತೇದಾರನ ಹತ್ತಿರ ಆಳುಗಳ ವಿಮೆ ಪಾಲಿಸಿ ಕೇಳಿ, ಕರಾರಿನಲ್ಲಿ ಬರೆಸಿ.

ಇನ್ನು ಪೊಲೀಸ್. ಅಸಹಜ ಸಾವು ಅಂತ ಬಿಎನ್‌ಎಸ್‌ಎಸ್ (ಪೊಲೀಸ್-ಕೋರ್ಟ್ ಪ್ರಕ್ರಿಯೆಯ ಹೊಸ ಕಾಯ್ದೆ) 194ರಲ್ಲಿ ಬರೆದು ಮುಗಿಸಿಬಿಡ್ತಾರೆ. ದೂರಿನಲ್ಲಿ "ಆಯತಪ್ಪಿ" ಅಂತ ಬರೆಸಬೇಡಿ. "ಡಕ್ಟಿಗೆ ತಡೆ ಇರಲಿಲ್ಲ", "ಆರ್‌ಸಿಸಿಬಿ ಇರಲಿಲ್ಲ", "ಚರಂಡಿಗೆ ಹಲಗೆ ಕೊಟ್ಟಿರಲಿಲ್ಲ" ಅಂತ ಬರೆಸಿ. ನಿರ್ಲಕ್ಷ್ಯದ ಸಾವು ಬಿಎನ್‌ಎಸ್ (ಅಪರಾಧ-ಶಿಕ್ಷೆಯ ಹೊಸ ಕಾಯ್ದೆ) 106, ಐದು ವರ್ಷದವರೆಗೆ ಶಿಕ್ಷೆ. ಅದೇ ದಿನ ಜಾಗದ ಫೋಟೋ ತೆಗೀರಿ, ಮಾರನೇ ದಿನ ಬೆಳಿಗ್ಗೆ ಅಲ್ಲಿ ಕಟಕಟೆ ನಿಂತಿರುತ್ತೆ.

ಶಹಾಬಾದ್ ಫರಸಿ
ಕಟ್ಟಡ ಕಾರ್ಮಿಕರ ಕಾರ್ಡ್ ಮಾತ್ರ ಮರೀಬ್ಯಾಡ್ರಿ. 18ರಿಂದ 60 ವಯಸ್ಸು, ವರ್ಷದಾಗ 90 ದಿನ ಕೆಲಸ ಮಾಡಿದ ದಾಖಲೆ. ಮನಿ ಕಟ್ಟೋರಿಂದ ಖರ್ಚಿನ ಶೇಕಡಾ 1 ಸೆಸ್ ಅಂತ ತಗೊಂಡು ಕೂಡಿಸಿದ ದುಡ್ಡು ಅದು, ಕೂಲಿಗೆ ಅಂತ ನಾಕಾದಾಗ ನಿಂತವರದ್ದೇ ಹಕ್ಕು. ಆ ಪರಿಹಾರನೇ ಬ್ಯಾರೆ, ಕಮಿಷನರ್ ಹತ್ರ ಬರೋದೇ ಬ್ಯಾರೆ. ಒಂದು ಸಿಕ್ಕದಂತ ಇನ್ನೊಂದು ಬಿಡಬ್ಯಾಡ್ರಿ.

ಎರೆಹೊಲ
ಬಿದ್ದವನನ್ನ ಕೈ ಕಾಲು ಹಿಡಿದು ಆಟೋದಾಗ ಮಡಚಿ ಹಾಕೋದು ನಿಲ್ಲಿಸ್ರಿ ಮೊದಲ. ಬೆನ್ನುಹುರಿ ಅಲ್ಲೇ ಕತ್ತರಿಸ್ತದ. ಸೆಂಟ್ರಿಂಗ್ ಹಲಗಿ ಇರ್ತದಲ್ಲ, ನಾಕು ಮಂದಿ ಒಟ್ಟಿಗೆ ಮೈ ಹೊರಳಿಸಿ ಅದರ ಮ್ಯಾಲ ತಗೊಂಡು ತಲೀ ಎರಡೂ ಕಡೆ ಮರಳಿನ ಚೀಲ ಇಡ್ರಿ. ಬಾಯಿಗೆ ನೀರು ಹಾಕಬ್ಯಾಡ್ರಿ.

ತೊಗರಿಕಣಜ
ಎಲ್ಲಾ ಬರಕೊಂಡೀನಿ. ಸೆಂಟ್ರಿಂಗ್ ಪ್ಲೇಟ್ ಅಣ್ಣಾ, ಒಂದು ಕೇಳ್ತೀನಿ. ನಮ್ಮ ಓಣಿಯಾಗ ಮುಂದಿನ ಬಾಲ್ಕನಿ ನಾಕು ಅಡಿ ಹೊರಗ ಅದ, ಇವತ್ತಿಗೆ ಒಂಬತ್ತು ದಿನ, ಪಿಪಿಸಿ ಸಿಮೆಂಟು. ಮ್ಯಾಲಿನ ಗ್ವಾಡಿ ಇನ್ನ ಎದ್ದಿಲ್ಲ. ನಾಳೆ ಬಿಚ್ಚತಾರಂತ. ಆಗ್ತದೇನು?

ಸೆಂಟ್ರಿಂಗ್ ಪ್ಲೇಟ್
ಬ್ಯಾಡ. ಇವತ್ತೇ ಹೋಗಿ ಹೇಳ್ರಿ. ಬದಿಯ ಪ್ಲೇಟ್ ಬೇಕಾದ್ರ ಬಿಚ್ಚಲಿ, ಕೆಳಗಿನ ಬಲ್ಲಿ ಒಂದೂ ಮುಟ್ಟಬಾರದು. ಗ್ವಾಡಿ ಏಳಲಿ, 28 ದಿನ ತುಂಬಲಿ. ಅಲ್ಲೀತನಕ ಕೆಳಗ ಓಡಾಡದಂಗ ಎರಡೂ ಕಡೆ ಹಗ್ಗ ಕಟ್ಟಸ್ರಿ. ಪ್ಲೇಟ್ ಬಾಡಿಗಿ ಮಾತು ಬಂದ್ರ ಬಲ್ಲಿಗೆ ಅಷ್ಟು ಬಾಡಿಗಿ ಇಲ್ಲಂತ ಹೇಳ್ರಿ.

ತೊಗರಿಕಣಜ
ಹೊಂಟೀನಿ ಈಗ.